ನೇರಳೆ ಮುಚ್ಚಳ

ಧಾರವಾಡದಿಂದ ಚಿಗರಿ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದಾನೆ
ಗದಿಗೆಪ್ಪ, ಎದೆಗೊತ್ತಿ ಐಸಿನ ಡಬ್ಬಿ.
‘ಕೂಸು ಅಂತ ತಿಳದು ಒಬ್ಬಾಕಿ ಸೀಟು ಬಿಟ್ಟಳ್ರಿ ಮೇಡಮ್,
ಕೂಡಲಿಲ್ಲ. ಸುಳ್ಳ ಹೇಳ್ದಂಗ ಆಗ್ತಿತ್ತು.’

ಒಳಗೆ ಎರಡು ಎಂ.ಎಲ್. ರಕ್ತ, ನೇರಳೆ ಮುಚ್ಚಳ.
ಹೆಸರು ಮುದಕಪ್ಪ, ವಯಸ್ಸು ಇಪ್ಪತ್ತಾರು.
ಅಜ್ಜನ ಹೆಸರಿರಬೇಕು.
ಕಿಡ್ನಿ ಕಸಿಯಾಗಿ ಎಪ್ಪತ್ತೊಂದನೇ ದಿನ. ಜ್ವರ. ಭೇದಿ.
ಬಿಳಿ ರಕ್ತಕಣ ಇಳಿಮುಖ.
ದಾನಿ: ತಾಯಿ.

ಹೊಸದಾಗಿ ಸೇರಿದ ಹುಡುಗಿ ಕೇಳುತ್ತಾಳೆ,
ಅಗ್ಗದ ಪರೀಕ್ಷೆ ಸಾಲದೇನ್ರಿ, ಆ್ಯಂಟಿಬಾಡಿದು?
ಕಳ್ಳ ಬಂದಿದ್ದನೇ ಎಂದು ಓಣಿಯವರನ್ನು ಕೇಳುವುದು ಅದು.
ಈ ಓಣಿಯಲ್ಲಿ ಎಲ್ಲರಿಗೂ ನಿದ್ದೆ ಬರಿಸಿದ್ದಾರೆ,
ಬೆಳಿಗ್ಗೆ ಎರಡು ಮಾತ್ರೆ, ರಾತ್ರಿ ಎರಡು,
ಅವ್ವನ ಕಿಡ್ನಿಯನ್ನು ಹೊರಗಿನವನೆಂದು ಹೊಡೆಯಬಾರದಲ್ಲ.
‘ಯಾರೂ ಬಂದಿಲ್ರಿ’ ಅನ್ನುತ್ತವೆ ಮನೆಗಳು.
ಸಾಕ್ಷಿಯಿಂದ ಉಪಯೋಗವಿಲ್ಲ,
ಕಳ್ಳನ ಕಾಲನ್ನೇ ಹಿಡಿಯಬೇಕು, ಕತ್ತಲಲ್ಲಿ.

ನಿಧಾನದ ಕೆಲಸ.
ಕಾಯಿಸು, ತಣಿಸು, ಒಂದು ಎರಡಾಗಲಿ, ಎರಡು ನಾಲ್ಕು,
ನಲವತ್ತು ಸುತ್ತು.
ಮೂಲೆಯ ಗುಂಡಿಯಲ್ಲಿ ಬರೀ ನೀರು.
ಅದು ಕೊನೆಯವರೆಗೂ ನೀರಾಗಿಯೇ ಉಳಿಯಬೇಕು,
ಉಳಿಯದಿದ್ದರೆ ತಪ್ಪು ನಮ್ಮ ಕೈಯದು, ಎಲ್ಲ ಮೊದಲಿಂದ.
ಹತ್ತೊಂಬತ್ತನೇ ಸುತ್ತಿಗೆ ವಿದ್ಯಾನಗರದ ಕರೆಂಟು ಹೋಯಿತು.
ಯುಪಿಎಸ್ಸು ಕುಂಯ್ಗುಟ್ಟಿತು. ಕೈಗವಸಿನೊಳಗೆ ಬೆವರು.
ಅವನ ವಯಸ್ಸಿನಷ್ಟೇ ಸುತ್ತಿಗೆ
ಒಂದು ಗೆರೆ ನೆಲ ಬಿಟ್ಟಿತು,
ಗೋಕುಲ ರಸ್ತೆಯ ಆಚೆ ವಿಮಾನ ಏಳುವ ಹಾಗೆ,
ಉದ್ದಕ್ಕೂ ನೆಲದ ಮೇಲೆ ಓಡಿ ಓಡಿ, ಆಮೇಲೆ.

ವರದಿಗೆ ಬಂದವಳು ಫಕ್ಕೀರವ್ವ.
ಎಡಪಕ್ಕೆಯ ಹೊಲಿಗೆ ಇನ್ನೂ ಎಳೆಯುತ್ತದೆ, ಬಾಗಿ ನಿಲ್ಲುತ್ತಾಳೆ.
‘ಯಾರಿಂದ ಹತ್ತಿತ್ರಿ ಇದು?
ಬೀಗರನ್ನ ಹೊಸ್ತಲಾ ದಾಟಿಸಿಲ್ಲ,
ಮೊಮ್ಮಗಳನ್ನ ಕಿಟಕ್ಯಾಗಿಂದ ತೋರಿಸೇನಿ,
ಹಾಲು ಮೂರು ಸಲ ಕಾಸೇನಿ.’

ಕಸಿಗೆ ಮೊದಲಿನ ಹಾಳೆಯಲ್ಲಿದೆ ಉತ್ತರ.
ಮಗ: ಇಲ್ಲ. ತಾಯಿ: ಇದೆ.
ಎಂದೋ ಸಣ್ಣವಳಿದ್ದಾಗ ಬಂದು, ಎರಡು ದಿನ ಮೈ ಬಿಸಿ ಮಾಡಿ,
ಐವತ್ತು ವರ್ಷ ಬಾಡಿಗೆ ಕೊಡದೆ ಕೂತಿದ್ದದ್ದು
ಕಿಡ್ನಿಯ ಜೊತೆ ಮನೆ ಬದಲಿಸಿದೆ.
ನನ್ನ ರಕ್ತದಲ್ಲೂ ಇದೆ, ಒಮ್ಮೆ ನೋಡಿಕೊಂಡಿದ್ದೇನೆ.
ಗದಿಗೆಪ್ಪನಲ್ಲೂ ಇದ್ದೀತು.

ವರದಿಯಲ್ಲಿ ‘ಯಾರಿಂದ’ ಎಂಬ ಅಂಕಣವಿಲ್ಲ.
ಆ ಬೋಳು ನಮೂನೆಗೆ ಮೊದಲ ಸಲ ಕೈಮುಗಿಯಬೇಕೆನಿಸಿತು.
‘ಔಷಧ ಐತ್ರಿ ಇದಕ್ಕ. ಇವತ್ತ ಸುರು ಮಾಡ್ತಾರ.
ವಾರಕ್ಕೊಮ್ಮೆ ರಕ್ತ ಕಳಸ್ರಿ.’
ಮಡಚಿ ಕುಬಸದೊಳಗಿಟ್ಟಳು.
ಬಾಗಿಲಲ್ಲಿ ತಿರುಗಿ, ಇನ್ನೊಂದು ಪಕ್ಕೆ ಮುಟ್ಟಿಕೊಂಡು,
‘ಇದೊಂದು ಐತಿ ನೋಡ್ರಿ ಇನ್ನ, ಬೇಕಾದ್ರ.’

ಮೂರನೇ ಗುರುವಾರ. ಅದೇ ಡಬ್ಬಿ.
ಇಪ್ಪತ್ತಾರು ದಾಟಿತು, ಗೆರೆ ಮಲಗಿಯೇ ಇದೆ.
ಮೂವತ್ತು. ಮೂವತ್ತೆರಡು.
ಮೂಲೆಯಲ್ಲಿ ನೀರು, ನೀರಾಗಿಯೇ.
ಹುಡುಗಿ ಉಸಿರು ಹಿಡಿದು ನಿಂತಿದ್ದಾಳೆ.
‘ಉಸಿರು ಬಿಡವಾ’ ಅನ್ನುತ್ತೇನೆ,
ನಾನಿನ್ನೂ ಬಿಟ್ಟಿಲ್ಲ.