ಹಾಫ್ ಕ್ಲಚ್

ಎಂಟೇ ದಿನ ಅಂದಿದ್ದ ಇನಾಸ,
ಬಾನೆಟ್ಟಿನೊಳಗೆ ತಲೆ ಇಟ್ಟುಕೊಂಡೇ.
ಅದು ಮೇ ತಿಂಗಳು. ಬಿಣಗಾ ಏರಿನಲ್ಲಿ ಕಾರು
ಕುದಿದು, ಹಬೆ ಕಾರಿ, ಒಂದು ಸಲ ಕೆಮ್ಮಿ
ಸುಮ್ಮನಾಗಿತ್ತು.
ತಪ್ಪು ನನ್ನದೇ. ಉಷ್ಣದ ಮುಳ್ಳು ಕೆಂಪು ದಾಟಿದ್ದು ನೋಡದೆ
ಪಕ್ಕದ ಸೀಟಲ್ಲಿ ಕೂತು ತುಳಸಾಗೆ
ಗೇರಿನ ಪಾಠ ಹೇಳುತ್ತಿದ್ದೆ.

ಕೋಡಿಬಾಗದ ಗ್ಯಾರೇಜು. ಹಿಂದೆ ಕಾಳಿ ನದಿ,
ಆಚೆ ದಡಕ್ಕೆ ಸದಾಶಿವಗಡದ ಗುಡ್ಡ.
ನಾಲ್ಕು ಚಿರೆಕಲ್ಲಿನ ಮೇಲೆ ನನ್ನ ಮಾರುತಿ:
ನೆತ್ತಿಗೆ ‘ಗುನಗಿ ಡ್ರೈವಿಂಗ್ ಸ್ಕೂಲ್’ ಫಲಕ,
ಹೊಟ್ಟೆ ಖಾಲಿ.
ಗೋಣಿಚೀಲದ ಮೇಲೆ ಹೋಳು ಹೋಳಾಗಿ ಇಂಜಿನ್ನು.
ಸಿಲಿಂಡರಿನ ಗೋಡೆಗೆ ಇನಾಸ ಉಗುರು ಎಳೆದು ತೋರಿಸಿದ:
“ಸಿಕ್ಕುತ್ತದೆ ನೋಡಿ. ಸಿಕ್ಕಬಾರದು.”

ಬ್ಲಾಕು ಹುಬ್ಬಳ್ಳಿ ಬಸ್ಸು ಹತ್ತಿತು,
ಕಂಡಕ್ಟರನ ಕೈಗೆ ಇನ್ನೂರು.
ಬೋರಿಂಗಿನವನ ಮಗಳ ಮದುವೆ.
ಮದುವೆ ಮುಗಿದರೆ ಮೋಟರು ಸುಟ್ಟಿತು.
ಮೋಟರು ಬಂದರೆ ಅರಬೈಲಿನಲ್ಲಿ ಗುಡ್ಡ ಜರಿಯಿತು.
ಅಂತೂ ನಾಗರ ಪಂಚಮಿಯ ಮಾರನೇ ದಿನ
ಬ್ಲಾಕು ಬಂತು, ಐವತ್ತಕ್ಕೆ ಕೊರೆದು;
ಕೊಯಮತ್ತೂರಿನ ಡಬ್ಬಿ ಒಡೆದರೆ
ಪಿಸ್ಟನ್ನು ಇಪ್ಪತ್ತೈದರದು.
ಅಪ್ಪನ ಚಪ್ಪಲಿಯಲ್ಲಿ ಮಗುವಿನ ಕಾಲು.
ಇನಾಸ ನಗಲಿಲ್ಲ. “ಫಾಲ್ಯಾ” ಅಂದ.

ಫಾಲ್ಯಾ ಅಂದರೆ ಕೊಂಕಣಿಯಲ್ಲಿ ನಾಳೆ.
ಇನಾಸನ ಬಾಯಲ್ಲಿ ಅದೊಂದು ಮಳೆಗಾಲ.

ಉಪ್ಪುಗಾಳಿಗೆ ಬೆತ್ತಲೆ ಕಬ್ಬಿಣ ಒಂದು ರಾತ್ರಿ ತಡೆಯದು.
ದಿನಾ ಸಂಜೆ ಹುಡುಗ ಶಾಬಿ
ಹರಿದ ಬನಿಯನ್ನಿಗೆ ಆಯಿಲು ಹಚ್ಚಿ ಕ್ರ್ಯಾಂಕು ಒರೆಸುವನು,
ಕೂಸಿಗೆ ಎಣ್ಣೆ ನೀವಿದಂತೆ, ಸಂದುಗೊಂದು ಬಿಡದೆ.
ನನ್ನ ಕಡೆ ಕಲಿಯುವವರು
ಒಬ್ಬೊಬ್ಬರೇ ಮುಂಗಡ ವಾಪಸು ಕೇಳಿದರು.
ಕೊಟ್ಟೆ. ಕೇಳದೆ ಹೋದವನೊಬ್ಬ
ಪೇಟೆಯಲ್ಲಿ ಕಂಡರೆ ಮುಖ ತಿರುಗಿಸುತ್ತಾನೆ,
ಅವನದೇ ತಪ್ಪೆಂಬಂತೆ.

ತುಳಸಾ ಮಾತ್ರ ಬಂದಳು.
ಬೈತಖೋಲದಲ್ಲಿ ಬಂಗಡೆ ಮಾರಿ, ಖಾಲಿ ಬುಟ್ಟಿ ಬಾಗಿಲಿಗಿಟ್ಟು,
ಕೈ ತೊಳೆದು, ಕಲ್ಲ ಮೇಲೆ ನಿಂತ ಕಾರಿಗೆ ಹತ್ತಿದಳು.
“ಎಲ್ಲೆಲ್ಲು ನವೆಂಬರಿಗೆ ಮುಗೀತದೆ ಮಾಸ್ತರೆ,
ಟೆಂಪೊದವನ ಬಾಯಿ ಕೇಳಿ ಸಾಕಾಗಿದೆ ನಂಗೆ.
ಇಂಜಿನ್ನು ಬಂದಾಗ ಬರಲಿ.
ಕಾಲು ಕಲೀಲಿ.”

ಏನು ಹೇಳಲಿ? ಪಕ್ಕಕ್ಕೆ ಕೂತೆ.
ಕ್ಲಚ್ ತುಳಿ. ಒಂದನೇ ಗೇರು. ಬಿಡುತ್ತ ಬಾ,
ಕಾರು ನಡುಗುವಲ್ಲಿ ನಿಲ್ಲಿಸು, ಅದೇ ಹಾಫ್.
ನಡುಗಲು ಅಲ್ಲೇನಿತ್ತು?
ಆಗ ಶಾಬಿ ಎದುರಿಗೆ ಬಂದು ನಿಂತ,
ತೆರೆದ ಬಾನೆಟ್ಟಿನ ಸಂದಿನಿಂದ ಅವಳ ಮುಖ ನೋಡುತ್ತ
ಬಾಯಲ್ಲೇ ಘುರ್ರ್ ಶುರು ಮಾಡಿದ.
ಅವಳು ಕಾಲು ಗಡಿಬಿಡಿಯಲ್ಲಿ ಎತ್ತಿದರೆ
ಟಕ್ಕನೆ ನಿಲ್ಲಿಸುವನು: “ಬಂದ್ ಬಿತ್ತು, ಅಕ್ಕಾ.”
ನದಿಯ ಮೇಲೆ ಮಳೆ ಬಂತು, ಹೋಯಿತು.
ಅಕ್ಟೋಬರಿನ ಹೊತ್ತಿಗೆ
ಶಾಬಿಯ ಇಂಜಿನ್ನು ಒಮ್ಮೆಯೂ ಬಂದ್ ಬೀಳಲಿಲ್ಲ.

ನಿಜದ್ದು ಬಿತ್ತು. ಚಾವಿ ತಿರುಗಿಸಿದ್ದೇ
ನೀಲಿ ಹೊಗೆ, ಅಡಿಯಲ್ಲಿ ಆಯಿಲಿನ ಕೆರೆ.
ಹಿಂದಿನ ಸೀಲು. ನಲವತ್ತು ರೂಪಾಯಿಯ ರಬ್ಬರು ಬಳೆ,
ಅದಕ್ಕಾಗಿ ಮತ್ತೆ ಎಲ್ಲ ಇಳಿಸಬೇಕು.
ಇನಾಸ ಸ್ಪ್ಯಾನರು ಕೆಳಗಿಟ್ಟು ಹೊರಗೆ ಹೋಗಿ
ತುಂಬಾ ಹೊತ್ತು ನದಿ ನೋಡಿದ.
ಆ ದಿನ ಫಾಲ್ಯಾ ಅನ್ನಲಿಲ್ಲ.
ನನಗೆ ಹೆದರಿಕೆಯಾದದ್ದು ಆಗ.

ನವೆಂಬರ್ ಒಂಬತ್ತು. ಹೊಡೆಯಿತು.
“ಸಾವಿರ ಕಿಲೋಮೀಟರಿನವರೆಗೆ ನಲವತ್ತು ದಾಟಬೇಡಿ,
ಒಳಗಿನವು ಒಂದಕ್ಕೊಂದು ಪರಿಚಯವಾಗಬೇಕು.”
ಹೆದ್ದಾರಿಯಲ್ಲಿ ನಲವತ್ತು!
ಲಾರಿ ಬಸ್ಸು, ಕೊನೆಗೆ ಒಂದು ರಿಕ್ಷಾ ಸಹ
ಹಾರನ್ನು ಹೊಡೆದು ಬೈದು ಹೋದವು.
ಬಿಣಗಾ ಏರಿನ ನಡುವೆ ಬಸ್ಸು ನಿಂತಿತು,
ಅದರ ಬೆನ್ನಿಗೆ ನಾವು.
ತುಳಸಾ ನಾಲಿಗೆ ಕಚ್ಚಿ ಎಡಗಾಲು ಎತ್ತಿದಳು,
ಇಷ್ಟೇ ಇಷ್ಟು.
ಹಿಂದಿನ ಸೀಟಿನಲ್ಲಿ ಶಾಬಿ
ತನಗೇ ಗೊತ್ತಿಲ್ಲದೆ, ಸಣ್ಣಗೆ, ಘುರ್ರ್ ಅನ್ನುತ್ತಿದ್ದ.
ನಾನು ಮುಳ್ಳು ನೋಡುತ್ತಿದ್ದೆ.