ಜೇಬಿನ ಲೆಕ್ಕ

ಒಂದು ಜೇಬು ಹೊಲಿದರೆ ಅವ್ವನಿಗೆ ಎರಡು ರೂಪಾಯಿ.
ಏಜೆಂಟ್ ಹೇಳಿದ ಬಿ.ಎಸ್ಸಿ. ಸೀಟಿಗೆ
ಎರಡು ಲಕ್ಷ ಜೇಬು, ಹಾಸ್ಟೆಲ್ ಬಿಟ್ಟು.
ಸಾಲ ಕೊಡಿಸ್ತೀನಿ, ಸಹಿ ಹಾಕು ಅಂದವನ ಪೆನ್ನು
ಚೆನ್ನಾಗಿತ್ತು. ಬಹಳ ಹೊತ್ತು ಅದನ್ನೇ ನೋಡಿದೆ.

ಕೌಲ್ ಬಜಾರಿನ ಜೀನ್ಸ್ ಶೆಡ್ಡು, ಊಟದ ಬಿಡುವು.
ಕರೆಂಟ್ ಬಿಲ್ಲಿನ ಬೆನ್ನಿಗೆ ಬರೆಯುತ್ತೇನೆ:
ಸರ್ಕಾರಿ ಜಿ.ಎನ್.ಎಂ., ಮೂರು ವರ್ಷ,
ಬಸ್ ಪಾಸು, ಒಂದು ಜೊತೆ ಬಿಳಿ ಬೂಟು.
ಆಮೇಲೆ ದುಡಿಯುತ್ತ ಪೋಸ್ಟ್ ಬೇಸಿಕ್ಕು,
ನನ್ನದೇ ಸಂಬಳದಲ್ಲಿ.

"ಅದು ಕಮ್ಮೀದಲ್ಲೇನೇ, ಹಂಪಮ್ಮ?"
"ಸೂಜಿ ಅದೇ ಅವ್ವ."

ನಕ್ಕಳು. ದಾರದ ಡಬ್ಬಿಯ ತಳದಿಂದ
ನನ್ನ ಫೋಟೋ ತೆಗೆದುಕೊಟ್ಟಳು.
ಕೆನ್ನೆಯ ಮೇಲೆ ಅವಳ ಬೆರಳಿನ ನೀಲಿ.
ಒರೆಸಿದೆ. ಹೋಗಲಿಲ್ಲ.
ಅರ್ಜಿಗೆ ಹಾಗೇ ಅಂಟಿಸಿದೆ.