ಕಾಲುಚೀಲದೊಳಗಿನ ಕೀಲಿಗೊಂಚಲು

ಮೊದಲು ಈ ಕೀಲಿಗೊಂಚಲು ತಗೋ, ಯೋರುನ್,
ಉಣ್ಣೆಯ ಕಾಲುಚೀಲದೊಳಕ್ಕೆ ಇಳಿಬಿಡು.
ನಗಬೇಡ. ನನ್ನ ಗಂಡನದು, ಜೋಡಿ ಕಳೆದದ್ದು.
ಆರನೇ ಕೋಣೆಯ ಮುಂದೆ ನಡೆವಾಗ
ಕಬ್ಬಿಣಕ್ಕೆ ಕಬ್ಬಿಣ ತಾಗಕೂಡದು.

ಹೊರಗೆ ಡಿಸೆಂಬರ್. ಟ್ರೊಮ್ಸೋ ಬಿಟ್ಟು ಹೋದ ಸೂರ್ಯ
ಇನ್ನು ಜನವರಿವರೆಗೆ ಬರುವ ಮಾತಿಲ್ಲ.
ರಾತ್ರಿಪಾಳಿ ಹಗಲುಪಾಳಿ ಅನ್ನೋದೆಲ್ಲ
ಇಲ್ಲಿ ಗಡಿಯಾರದ ಮೇಲಿನ ನಂಬಿಕೆ.

ಒಳಗಿರುವವಳು ರಾವ್ನಾ. ಎಪ್ಪತ್ತಾರು.
ಹಿಮಸಾರಂಗಗಳ ಹಿಂದೆ ಬದುಕು ನಡೆದವಳು.
ಫೈಲಿನಲ್ಲಿ ಕಾಯಿಲೆಗೆ ಎರಡು ಹೆಸರಿದೆ,
ಮೂರನೆಯದರ ಮುಂದೆ ಪ್ರಶ್ನೆಯ ಕೊಕ್ಕೆ.
ಓದು. ಆದರೆ ಅವಳನ್ನು ನೋಡಿದ ಮೇಲೆ ಓದು.

ಬಂದ ರಾತ್ರಿಯೇ ಪಟ್ಟಿ ಬಿಗಿದೆವು.
ನಾನೂ ಇದ್ದೆ. ಎಡಗೈ ನನ್ನದು, ಅಂದರೆ
ಅವಳ ಎಡಗೈ, ನನ್ನ ಪಾಲಿಗೆ ಬಂದದ್ದು.
ಕಿಟಕಿಗೆ ಹಣೆ ಚಚ್ಚಿಕೊಳ್ಳುತ್ತಿದ್ದಳು, ಗಾಜಿನ ಮೇಲೆ ರಕ್ತ.
ಬೇರೆ ದಾರಿ ಇರಲಿಲ್ಲ ಎಂದು ಬರೆದೆವು.
ಬಹುಶಃ ಇರಲಿಲ್ಲ.
ಈ ಬಹುಶಃ ಅನ್ನೋದಕ್ಕೆ ನಮೂನೆಯಲ್ಲಿ ಜಾಗವಿಲ್ಲ.
ಕಾಲು ಗಂಟೆಗೊಮ್ಮೆ ನೋಡಿ ತುಂಬಬೇಕು:
ಉಸಿರು, ಬೆರಳ ತುದಿಯ ಬಣ್ಣ, ನೀರು ಕೊಟ್ಟಿತೇ.
ಎರಡೂಕಾಲಕ್ಕೆ ನಾನು ಬರೆದೆ:
ಶಾಂತವಾಗಿದ್ದಾಳೆ.

ಶಾಂತಿ ಅಲ್ಲ ಅದು.
ಏಳು ವರ್ಷದ ಹುಡುಗಿ, ಬೋರ್ಡಿಂಗ್ ಶಾಲೆಯ ಮಂಚದಲ್ಲಿ,
ವಾರ್ಡನ್ನಿನ ಸೊಂಟದ ಕೀಲಿ
ಬಾಗಿಲಿಂದ ಬಾಗಿಲಿಗೆ ಹತ್ತಿರವಾಗುವುದನ್ನು ಕೇಳುತ್ತ
ನಿದ್ದೆ ಹತ್ತಿದವಳ ಹಾಗೆ ಮಲಗುವುದನ್ನು ಕಲಿತಿದ್ದಳಲ್ಲ,
ಅದು.
ಮನೆಮಾತಿನ ಒಂದು ಪದ ತುಟಿ ಮೀರಿದರೆ
ಆ ರಾತ್ರಿ ತಟ್ಟೆ ಇಲ್ಲದ ಶಾಲೆ.
ಅರವತ್ತೊಂಬತ್ತು ವರ್ಷದ ಮೇಲೂ ಮೈ
ಅಕ್ಷರ ತಪ್ಪದೆ ಪಾಠ ಒಪ್ಪಿಸಿತು.
ನಾನು ಪೂರ್ತಿ ಅಂಕ ಕೊಟ್ಟೆ.

ದುಭಾಷಿ ಸಿಕ್ಕಿದ್ದು ನಾಲ್ಕನೇ ದಿನ, ಫೋನಿನಲ್ಲಿ, ಕೌಟೊಕೈನೋದಿಂದ.
ಸಿಗಬೇಕಾಗಿದ್ದದ್ದು ಮೊದಲ ದಿನ.
ರಾವ್ನಾ ಅಳಲಿಲ್ಲ, ಶಾಲೆಯ ಸುದ್ದಿ ಎತ್ತಲಿಲ್ಲ.
ಕೇಳಿದ್ದು ಇಷ್ಟೇ:
ನಾನು ನೇಯ್ದ ಸೊಂಟಪಟ್ಟಿ ಬಿಚ್ಚಿಸಿಕೊಂಡಿರಿ, ಅಪಾಯ ಅಂತ.
ನಿಮ್ಮ ಪಟ್ಟಿ ಯಾಕೆ ಕಟ್ಟಿದಿರಿ?

ಫೋನಿನ ಆಚೆ ದುಭಾಷಿಯೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ದೂರು ಕೊಡಬಹುದು ಎಂದೆ.
ಯಾರ ಮೇಲೆ? ಎಂದಳು.
ನನ್ನ ಮೇಲೂ, ಎಂದೆ.
ಅರ್ಜಿ ತಂದು ಮುಂದಿಟ್ಟೆ, ಪೆನ್ನು ಕೊಟ್ಟೆ,
ನನ್ನ ಹೆಸರಿನ ಅಕ್ಷರ ಒಂದೊಂದಾಗಿ ಬಿಡಿಸಿ ಹೇಳಿದೆ.
ಜೀವಮಾನದಲ್ಲಿ ನನ್ನ ಹೆಸರು ಅಷ್ಟು ಉದ್ದ ಇರಲಿಲ್ಲ.
ಇನ್ನೂ ಸಹಿ ಮಾಡಿಲ್ಲ. ಅವಳ ಡ್ರಾಯರಿನಲ್ಲಿದೆ.
ಮಾಡು ಅಂತಲೂ ಬೇಡ ಅಂತಲೂ ನೀನು ಬಾಯಿ ಬಿಡಬೇಡ.

ಶಾಲೆಯ ವಿಷಯ ಎಂಟನೇ ದಿನ, ತಾನಾಗಿ ಬಂತು.
ನಿನಗೆ ಹೇಳಲೇ ಎಂದು ಕೇಳಿಯೇ ಹೇಳಿದ್ದೇನೆ.
ಕೀಲಿ ಹಿಡಿಯುವವಳಿಗೆ ಹೇಳು, ಅಂದಳು.
ಅಷ್ಟಕ್ಕೇ ಒಪ್ಪಿಗೆ. ಕ್ಯಾಂಟೀನಿಗಲ್ಲ.

ಈಗ ಸೂಪಿನ ಬಟ್ಟಲು ಎತ್ತಿಕೋ. ಬಾಗಿಲು ಬಡಿ, ಎರಡು ಸಲ, ಮೆತ್ತಗೆ.
ಬರಲೇ ಅನ್ನೋದಕ್ಕೆ ಅವಳ ಭಾಷೆಯ ಪದ
ನಿನ್ನ ಅಂಗೈ ಮೇಲೆ ಬರೆದುಕೊಟ್ಟಿದ್ದೇನೆ, ಬೆವರಿಗೆ ಅಳಿಸೀತು, ಬೇಗ ಕಲಿ.
ಕೇಳಿ ನಿಲ್ಲು. ನಿಲ್ಲುವುದೇ ಕಷ್ಟ;
ಬಾಗಿಲು ನೂಕುವ ಕೈಗೆ ಬರುವಷ್ಟು ಬೇಗ
ಬಾಗಿಲಲ್ಲಿ ನಿಲ್ಲುವ ಕಾಲಿಗೆ ವಿದ್ಯೆ ಬರುವುದಿಲ್ಲ.

ಬೇಡ ಅಂದರೆ?
ಬೇಡ. ಸೂಪು ಆರುತ್ತದೆ. ಮತ್ತೆ ಬಿಸಿ ಮಾಡು.
ನಿನ್ನೆ ಮೂರು ಸಲ ಬೇಡ ಅಂದಳು.
ನಾಲ್ಕನೇ ಸಲ ಸುಮ್ಮನಿದ್ದಳು.
ಅದನ್ನು ಹೂಂ ಎಂದು ಬರೆಯಲಿಲ್ಲ ನಾನು,
ಶಾಂತ ಎಂದೂ ಬರೆಯಲಿಲ್ಲ.
ಸುಮ್ಮನಿದ್ದಳು, ಎಂದು ಬರೆದೆ.

ಹೋಗು, ಪಾಳಿ ನಿನ್ನದು.
ಕಾಲುಚೀಲ ಬೆಳಿಗ್ಗೆ ನೆನಪಿಟ್ಟು ವಾಪಸು ಕೊಡು.
ಬೆಳಿಗ್ಗೆ ಅಂದರೆ ಆರೂವರೆಗೆ,
ಬೆಳಕಿನ ದಾರಿ ಕಾಯಬೇಡ.